ಬಿಷಪ್ಪರು ಬರುವ ದಿನ

ಪಾಲನಾ ಸಮಿತಿಯ ಸಭೆಯಲ್ಲಿ ಬಿಷಪ್ಪರ ಭೇಟಿಯ ಮಾತು ಬಂದ ಕೂಡಲೇ ಮೊದಲು ಏಳುವ ಪ್ರಶ್ನೆ ಊಟದ್ದು. ಮಟನ್ ಬಿರಿಯಾನಿಯೋ, ಮುದ್ದೆ ನಾಟಿಕೋಳಿ ಸಾರೋ. ಗುರುಮನೆಯಲ್ಲೇ ಬಡಿಸುವುದೋ, ಶಾಲೆಯ ಹಾಲಿನಲ್ಲಿ ಎಲೆ ಹಾಕಿಸುವುದೋ. ನಮ್ಮ ಹೆಂಗಸರೇ ಅಡುಗೆ ಮಾಡುವುದೋ, ಪೇಟೆಯಿಂದ ಅಡುಗೆಯವರನ್ನು ಕರೆಸುವುದೋ. ಎರಡನೆಯ ಪ್ರಶ್ನೆ ಶಾಮಿಯಾನದ್ದು, ಮೂರನೆಯದು ಫ್ಲೆಕ್ಸಿನದು. ಬಂದವರು ಏನೇನು ನೋಡಬೇಕು, ಯಾರ್ಯಾರ ಹತ್ತಿರ ಮಾತಾಡಬೇಕು ಅನ್ನುವುದನ್ನು ಸಭೆ ಮುಗಿದು ಟೀ ಲೋಟ ಎತ್ತುವ ಹೊತ್ತಿಗೆ ಯಾರಾದರೂ ನೆನಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಯಲುಸೀಮೆಯ ಒಂದು ಹಳೆಯ ಧರ್ಮಕೇಂದ್ರದಲ್ಲಿ ಬಹಳ ಕಾಲ ಈ ಸಮಿತಿಯ ಕಾರ್ಯದರ್ಶಿಯಾಗಿ ಕೂತವನು ನಾನು. ಬಿಷಪ್ಪರನ್ನು ಬರಮಾಡಿಕೊಳ್ಳುವ ರೀತಿಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ: ಅವರನ್ನು ಅತಿಥಿಯೆಂದು ಎಣಿಸಿದೆವೋ, ಅಲ್ಲಿಂದಾಚೆಗೆ ನಮ್ಮ ಏರ್ಪಾಡೆಲ್ಲ ದಾರಿ ತಪ್ಪುತ್ತದೆ.

ಅವರು ಅತಿಥಿಯಲ್ಲ. ಬೆಳಗಿನ ಪೂಜೆಗೆ ನಾಲ್ಕು ಮಂದಿ ಅಜ್ಜಿಯರು ಮಾತ್ರ ಬಂದಿದ್ದ ದಿನವೂ, ಬಲಿಪೂಜೆಯ ಮುಖ್ಯ ಪ್ರಾರ್ಥನೆಯಲ್ಲಿ ಪೋಪರ ಹೆಸರಿನ ಬೆನ್ನಿಗೇ ಅವರ ಹೆಸರನ್ನು ನಮ್ಮ ಗುರುಗಳು ಹೇಳುತ್ತಾರೆ. ಮಳೆ ಬರಲಿ, ಬಂದ್ ಇರಲಿ, ಹೇಳದೆ ಬಿಟ್ಟ ದಿನವಿಲ್ಲ. ನಮ್ಮ ಗುರುಗಳನ್ನು ಇಲ್ಲಿಗೆ ಕಳಿಸಿದವರೂ ಅವರೇ. ಮಕ್ಕಳ ಜ್ಞಾನಸ್ನಾನಕ್ಕೆ ಬಳಸುವ ತೈಲವೂ ಅವರು ಪ್ರಧಾನಾಲಯದಲ್ಲಿ ಮಂತ್ರಿಸಿ ಕೊಟ್ಟದ್ದೇ. ಹಾಗಾಗಿ ಅವರು ಬರುವುದೆಂದರೆ ದೂರದಲ್ಲಿರುವ ಮನೆಯ ಹಿರಿಯರು ಊರಿಗೆ ಬಂದ ಹಾಗೆ. ಹಿರಿಯರು ಬಂದಾಗ ಕಾಲಿಗೆ ನೀರು ಕೊಡುತ್ತೇವೆ, ಒಳ್ಳೆಯ ಊಟ ಹಾಕುತ್ತೇವೆ, ನಿಜ. ಆಮೇಲೆ ಅವರು ಕೊಟ್ಟಿಗೆಗೆ ಹೋಗಿ ದನ ನೋಡುತ್ತಾರೆ, ಹಾಸಿಗೆ ಹಿಡಿದವರ ಪಕ್ಕ ಕೂರುತ್ತಾರೆ, ಲೆಕ್ಕ ಕೇಳುತ್ತಾರೆ. ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿ ಕಳಿಸಿಬಿಟ್ಟರೆ ಅವರು ಬಂದೂ ಬಾರದ ಹಾಗಾಗುತ್ತದೆ.

ದೇವಾಲಯದ ಬಾಗಿಲಲ್ಲಿ ನಡೆಯುವ ಸ್ವಾಗತವೇ ಇದನ್ನು ತಿಳಿಸುತ್ತದೆ. 1984ರಲ್ಲಿ ರೋಮಿನಿಂದ ಹೊರಬಂದ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ವಿಧಿಗ್ರಂಥದಲ್ಲಿ ಆ ಕ್ರಮವಿದೆ. ಧರ್ಮಕೇಂದ್ರದ ಗುರುಗಳು ಬಾಗಿಲಲ್ಲಿ ನಿಂತು ಮೊದಲು ಶಿಲುಬೆಯನ್ನು ಮುಂದೆ ಹಿಡಿಯುತ್ತಾರೆ. ಬಿಷಪ್ಪರು ಅದಕ್ಕೆ ಮುತ್ತಿಡುತ್ತಾರೆ. ಆಮೇಲೆ ತೀರ್ಥ ಪ್ರೋಕ್ಷಿಸುವ ದಂಡವನ್ನು ಅವರ ಕೈಗೆ ಕೊಡಬೇಕು. ಗುರುಗಳು ಅವರಿಗೆ ಪ್ರೋಕ್ಷಿಸುವುದಲ್ಲ. ಅವರೇ ಮೊದಲು ತಮಗೆ ಪ್ರೋಕ್ಷಿಸಿಕೊಂಡು, ನಂತರ ನೆರೆದವರಿಗೆಲ್ಲ ಪ್ರೋಕ್ಷಿಸುತ್ತಾರೆ. ಅಲ್ಲಿಂದ ನೇರವಾಗಿ ಪರಮಪ್ರಸಾದದ ಮುಂದೆ ಹೋಗಿ ಒಂದು ಗಳಿಗೆ ಮೌನವಾಗಿ ಪ್ರಾರ್ಥಿಸುತ್ತಾರೆ. ಶಿಲುಬೆ, ತೀರ್ಥ, ಪ್ರಾರ್ಥನೆ: ಇಷ್ಟೇ. ಈ ಕ್ರಮದಲ್ಲಿ ಹಾರವಿಲ್ಲ, ಪೇಟವಿಲ್ಲ, ಭಾಷಣವಿಲ್ಲ. ಹೊರಗಿನಿಂದ ಬಂದವರಿಗೆ ತೀರ್ಥದ ದಂಡವನ್ನು ಯಾರೂ ಒಪ್ಪಿಸುವುದಿಲ್ಲ. ಈ ಮನೆಯಲ್ಲಿ ಆಶೀರ್ವದಿಸುವ ಹಕ್ಕು ಇರುವವರಿಗೇ ಒಪ್ಪಿಸುವುದು.

ಹಾರ ಬೇಡವೆಂದು ನಾನು ವಾದ ಮಾಡುವವನಲ್ಲ. ಹೂವಿಲ್ಲದೆ ಹಿರಿಯರನ್ನು ಎದುರುಗೊಳ್ಳಲು ನಮ್ಮ ಜನಕ್ಕೆ ಕೈ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಊರ ಬಾಗಿಲಲ್ಲಿ ತಮಟೆ ಬಡಿಯಲಿ, ಬ್ಯಾಂಡ್ ಸೆಟ್ ಇರಲಿ, ಮಕ್ಕಳು ಎರಡು ಸಾಲಾಗಿ ನಿಂತು ಹೂ ಎರಚಲಿ. ಆದರೆ ಅದೆಲ್ಲ ದೇವಾಲಯದ ಮೆಟ್ಟಿಲ ಕೆಳಗೇ ಮುಗಿಯಬೇಕು. ಮೆಟ್ಟಿಲ ಬಳಿ ತಮಟೆ ನಿಂತರೆ ಮುಂದಿನ ಕ್ರಮಕ್ಕೆ ತಾನಾಗಿ ಗಾಂಭೀರ್ಯ ಬರುತ್ತದೆ. ಮೈಸೂರು ಪೇಟದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬಿಷಪ್ಪರ ತಲೆಯ ಮೇಲಿನ ನೇರಳೆ ಬಣ್ಣದ ಪುಟ್ಟ ಟೋಪಿ ಅವರ ಹುದ್ದೆಯ ಗುರುತು. ಬಲಿಪೂಜೆಯ ಮುಖ್ಯ ಪ್ರಾರ್ಥನೆ ಆರಂಭವಾಗುವಾಗ ಅದನ್ನು ಅವರು ತೆಗೆದಿಡುತ್ತಾರೆ, ದೇವರ ಸನ್ನಿಧಿಗೆ ಮರ್ಯಾದೆಯೆಂದು. ದೇವರ ಮುಂದೆ ತೆಗೆಯುವ ಆ ಟೋಪಿಯನ್ನು ನಮ್ಮ ಸನ್ಮಾನಕ್ಕಾಗಿ ಕೀಳಿಸಿ, ಪೇಟ ತೊಡಿಸಿ, ಫೋಟೋಕ್ಕೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರೀತಿಗೆ ಒಂದು ಶಾಲು ಸಾಕು.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಧರ್ಮಸಭೆಯ ಕಾನೂನು ನಮ್ಮ ಸಮಿತಿಗಳಿಗಿಂತ ಎಷ್ಟೋ ಮುಂದಿದೆ. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಈ ಭೇಟಿಗಳಿಗೇ ಒಂದು ನಿಯಮ ಮಾಡಿತು. ಭೇಟಿಗೆ ಹೋಗುವ ಮಹಾಧರ್ಮಾಧ್ಯಕ್ಷರು 40ರಿಂದ 50 ಕುದುರೆಗಿಂತ ಹೆಚ್ಚು ಒಯ್ಯಕೂಡದು, ಬಿಷಪ್ಪರು 20ರಿಂದ 30ಕ್ಕಿಂತ ಹೆಚ್ಚು ಒಯ್ಯಕೂಡದು. ಬೇಟೆನಾಯಿ, ಬೇಟೆಹಕ್ಕಿಗಳನ್ನು ಜೊತೆಗೆ ತರಕೂಡದು. ಭಾರಿ ಔತಣ ಕೇಳದೆ ಕೊಟ್ಟದ್ದನ್ನು ಕೃತಜ್ಞತೆಯಿಂದ ಉಣ್ಣಬೇಕು. ಈ ನಿಯಮಕ್ಕೆ ಮಹಾಸಭೆ ಕೊಟ್ಟ ಕಾರಣ ಓದಿದರೆ ಎದೆ ಭಾರವಾಗುತ್ತದೆ: ಈ ಭೇಟಿಗಳ ಖರ್ಚು ತೂಗಿಸಲಾಗದೆ ಕೆಲವು ಕಡೆ ದೇವಾಲಯದ ಒಡವೆಗಳನ್ನೇ ಮಾರಬೇಕಾಗಿತ್ತಂತೆ, ಹಲವು ದಿನಕ್ಕೆ ಆಗುವ ಆಹಾರ ಒಂದು ಹೊತ್ತಿಗೆ ಮುಗಿದುಹೋಗುತ್ತಿತ್ತಂತೆ. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಇನ್ನೂ ಬಿಗಿಗೊಳಿಸಿತು: ಪರಿವಾರ ಚಿಕ್ಕದಿರಲಿ, ಊಟ ಮಿತವಾಗಿರಲಿ, ಕೆಲಸವನ್ನು ಚೆನ್ನಾಗಿ ಮಾಡಿ ಬೇಗ ಮುಗಿಸಿ ಹೊರಡಲಿ. ಈಗ ಜಾರಿಯಲ್ಲಿರುವ 1983ರ ಧರ್ಮಸಭಾ ಸಂಹಿತೆಯ 398ನೆಯ ನಿಯಮವೂ ಭೇಟಿಯಿಂದ ಯಾರ ಮೇಲೂ ಅನಗತ್ಯ ಖರ್ಚಿನ ಹೊರೆ ಬೀಳದಂತೆ ನೋಡಿಕೊಳ್ಳಬೇಕೆಂದು ಬಿಷಪ್ಪರಿಗೆ ವಿಧಿಸುತ್ತದೆ. ಎಂಟುನೂರು ವರ್ಷ ಬಿಡದೆ ಹೇಳಿಕೊಂಡು ಬಂದಿದ್ದಾರೆಂದರೆ, ಹೊರೆ ಹೊತ್ತವರು ಎಲ್ಲ ಕಾಲದಲ್ಲೂ ಇದ್ದರೆಂದೇ ಅರ್ಥ.

ನಮ್ಮ ಪಕ್ಕದ ಒಂದು ಧರ್ಮಕೇಂದ್ರದಲ್ಲಿ ಭೇಟಿಯ ಖರ್ಚಿಗೆಂದು ಮನೆಗಿಷ್ಟು ಅಂತ ವರಿ ಹಾಕಿದರು. ಹೂ ಕಟ್ಟಿ ಮಾರುವ ಒಬ್ಬ ವಿಧವೆಗೆ ಆ ತಿಂಗಳು ಕೊಡಲು ಆಗಲಿಲ್ಲ. ಆಕೆ ಬಿಷಪ್ಪರು ಬಂದ ದಿನ ಪೂಜೆಗೆ ಬರಲಿಲ್ಲ; ಕೊಡದವಳು ಯಾವ ಮುಖ ಹೊತ್ತು ಬರಲಿ ಅಂದಳಂತೆ. ಆವತ್ತು ಬಲಿಪೀಠದ ಮೇಲಿದ್ದ ಕನಕಾಂಬರದ ಮಾಲೆ ಆಕೆಯೇ ಕಟ್ಟಿಕೊಟ್ಟದ್ದು. ಇದನ್ನು ಕೇಳಿದ ಮೇಲೆ ನಮ್ಮ ಸಮಿತಿಯಲ್ಲಿ ವರಿ ಎತ್ತುವ ಮಾತು ಬಂದಾಗಲೆಲ್ಲ ನಾನು ಎದ್ದು ನಿಂತು ಬೇಡವೆಂದಿದ್ದೇನೆ. ಇಷ್ಟವಿದ್ದವರು ಅಕ್ಕಿ ಕೊಡಲಿ, ತೆಂಗಿನಕಾಯಿ ಕೊಡಲಿ, ಕೋಳಿ ಕೊಡಲಿ, ಬಂದು ಸೌತೆಕಾಯಿ ಹೆಚ್ಚಲಿ. ಏನೂ ಆಗದವರು ಮುಂದಿನ ಸಾಲಿನಲ್ಲಿ ಕೂರಲಿ.

ಊಟದ ಬಗ್ಗೆ ತಿಳಿದಿರಬೇಕಾದ್ದು ಸ್ವಲ್ಪವೇ. ಒಂದು ವಾರ ಮೊದಲು ಬಿಷಪ್ಪರ ನಿವಾಸಕ್ಕೆ ಫೋನ್ ಮಾಡಿ ಅವರ ಕಾರ್ಯದರ್ಶಿಯ ಹತ್ತಿರ ವಿಚಾರಿಸಬೇಕು: ಸಕ್ಕರೆ ಕಾಯಿಲೆ ಇದೆಯೇ, ಮಾತ್ರೆಯ ಹೊತ್ತು ಯಾವುದು, ಊಟದ ಮೇಲೆ ಅರ್ಧ ಗಂಟೆ ಮಲಗುವ ಅಭ್ಯಾಸವಿದೆಯೇ. ಬಿಷಪ್ಪರಾಗುವ ಹೊತ್ತಿಗೆ ಹೆಚ್ಚಿನವರು ಐವತ್ತು ದಾಟಿರುತ್ತಾರೆ, ದಿನವೂ ಇಂಥದೇ ಊಟದಲ್ಲಿ ಕೂರುತ್ತಾರೆ. ತುಪ್ಪ ಸುರಿದು ಬಲವಂತ ಮಾಡುವುದು ಉಪಚಾರವಲ್ಲ. ಡ್ರೈವರ್‌ಗೆ ಅದೇ ಪಂಕ್ತಿಯಲ್ಲಿ ಎಲೆ ಹಾಕಬೇಕು. ಬಿಷಪ್ಪರನ್ನು ಗುರುಗಳ ನಡುವೆಯೇ ಕೂರಿಸಿ ಬಾಗಿಲು ಹಾಕಿಕೊಳ್ಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ; ಶಾಲೆಯ ಹಾಲಿನಲ್ಲಿ ಎಲ್ಲರ ಜೊತೆ ಉಂಡರೆ, ಪೂಜೆಯಲ್ಲಿ ಮಾತಾಡಲಾಗದ ನಾಲ್ಕು ಜನ ಅಲ್ಲಿ ಮಾತಾಡುತ್ತಾರೆ.

ಕರೆಯುವ ರೀತಿಯ ಬಗ್ಗೆ ನಮ್ಮ ಹುಡುಗರಿಗೆ ಗಾಬರಿ. ಆಮಂತ್ರಣ ಪತ್ರಿಕೆಯಲ್ಲಿ ಪರಮಪೂಜ್ಯ ಎಂದು ಅಚ್ಚು ಹಾಕಿಸುವುದು ವಾಡಿಕೆ, ಇರಲಿ. ಎದುರಿಗೆ ಸಿಕ್ಕಾಗ ನಮ್ಮ ಮುದುಕರು ಹೇಳುವ ‘ಸ್ತೋತ್ರ ಸ್ವಾಮಿ’ ಅನ್ನುವುದರಲ್ಲಿ ಗೌರವವೂ ಇದೆ, ಸಲಿಗೆಯೂ ಇದೆ. ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿಯುವ ಮುನ್ನ, 1965ರ ನವೆಂಬರ್ 16ರಂದು, ಸುಮಾರು 40 ಬಿಷಪ್ಪರು ರೋಮಿನ ದೊಮಿತಿಲ್ಲಾ ಸಮಾಧಿ ಗುಹೆಯಲ್ಲಿ ಬಲಿಪೂಜೆ ಅರ್ಪಿಸಿ ಒಂದು ಪ್ರತಿಜ್ಞೆಗೆ ಸಹಿ ಹಾಕಿದರು. ದೊಡ್ಡ ದೊಡ್ಡ ಬಿರುದುಗಳಿಂದ ಕರೆಸಿಕೊಳ್ಳುವುದಿಲ್ಲ, ಬಡವರ ಹಾಗೆ ಬದುಕುತ್ತೇವೆ ಎಂದು. ಹಾಗಾಗಿ ಬಿರುದು ಬಾಯಿಗೆ ಬರದೆ ತಡವರಿಸಿದ ಹುಡುಗ ನಾಚಿಕೊಳ್ಳಬೇಕಾಗಿಲ್ಲ. ಬಿಷಪ್ಪರ ಕೈಯ ಉಂಗುರಕ್ಕೆ ಮುತ್ತಿಡುವ ವಿಷಯವೂ ಹಾಗೇ. ಬಿಷಪ್ಪರು ಕೈ ಮುಂದೆ ಚಾಚಿದರೆ ಬಾಗಿ ಮುತ್ತಿಡಬಹುದು. ನಮ್ಮ ಕಡೆಯ ಅಜ್ಜಿಯರು ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾರೆ. ಬಿಷಪ್ಪರು ಕೈ ಮುಗಿದರೆ ನಾವೂ ಕೈ ಮುಗಿದರಾಯಿತು. ಕೈಯನ್ನು ಎಳೆದು ಮುತ್ತಿಡಬಾರದು, ಅಷ್ಟೇ.

ಇನ್ನು ದೃಢೀಕರಣ. ಭೇಟಿಯ ದಿನ ಮಕ್ಕಳಿಗೆ ಈ ಸಂಸ್ಕಾರ ಇಟ್ಟುಕೊಂಡರೆ ಉಳಿದೆಲ್ಲದಕ್ಕಿಂತ ಇದಕ್ಕೇ ಹೆಚ್ಚು ಗಮನ ಕೊಡಬೇಕು. ಪೂಜೆಗೆ ಸಿದ್ಧತೆ ಮಾಡುವ ಕೋಣೆಯಾದ ಸಕ್ರಿಸ್ತಿಯಲ್ಲಿ ಒಂದು ಮೇಜು ಸಿದ್ಧವಾಗಬೇಕು. ಪವಿತ್ರ ವಾರದ ಪೂಜೆಯಲ್ಲಿ ಬಿಷಪ್ಪರೇ ಪವಿತ್ರೀಕರಿಸಿದ ಸುಗಂಧ ಬೆರೆತ ಎಣ್ಣೆ, ಹತ್ತಿ, ನೀರಿನ ತಂಬಿಗೆ, ಬೋಗುಣಿ, ಇಸ್ತ್ರಿ ಮಾಡಿದ ಬಿಳಿ ಟವಲು, ಜೊತೆಗೆ ಒಂದು ತಟ್ಟೆಯಲ್ಲಿ ನಿಂಬೆ ಹೋಳು, ಬ್ರೆಡ್ಡಿನ ತುಂಡು. ಈ ನಿಂಬೆ-ಬ್ರೆಡ್ಡು ಯಾಕೆಂದು ಹೊಸಬರು ಕೇಳುತ್ತಾರೆ. ನಲವತ್ತು ಐವತ್ತು ಮಕ್ಕಳ ಹಣೆಗೆ ಹೆಬ್ಬೆರಳಿನಿಂದ ಎಣ್ಣೆ ಹಚ್ಚಿದ ಮೇಲೆ ಬರಿ ನೀರಿಗೆ ಜಿಡ್ಡು ಹೋಗುವುದಿಲ್ಲ. ನಿಂಬೆ ಉಜ್ಜಿದರೆ ಜಿಡ್ಡು ಬಿಡುತ್ತದೆ, ಬ್ರೆಡ್ಡಿನ ತಿರುಳು ಉಳಿದದ್ದನ್ನು ಹೀರುತ್ತದೆ. ಆ ಎಣ್ಣೆ ಪವಿತ್ರವಾದ್ದರಿಂದ ತೊಳೆದ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ. ನಮ್ಮ ಸಕ್ರಿಸ್ತಿಯ ಸಿಸ್ಟರು ಅದನ್ನು ದೇವಾಲಯದ ಹಿಂದೆ ಯಾರೂ ತುಳಿಯದ ಕಡೆ, ಸಂಪಿಗೆ ಮರದ ಬುಡದಲ್ಲಿ ಸುರಿದು ಬರುತ್ತಾರೆ. ಆ ತಟ್ಟೆಯನ್ನು ಹಿಂದಿನ ರಾತ್ರಿಯೇ ಜೋಡಿಸಿಟ್ಟು ಮೇಲೊಂದು ಬಟ್ಟೆ ಮುಚ್ಚುವ ಅವರ ಕೈಗಳಲ್ಲಿ ನನಗೆ ಇಡೀ ಸ್ವಾಗತ ಕಾಣುತ್ತದೆ.

ಮಕ್ಕಳಿಗೆ ಮೊದಲೇ ಅಭ್ಯಾಸ ಮಾಡಿಸಬೇಕು. ತಾನು ಆರಿಸಿಕೊಂಡ ಸಂತರ ಹೆಸರಿನ ಚೀಟಿ ಕೈಯಲ್ಲಿರಲಿ, ಸಾಕ್ಷಿಯಾಗಿ ನಿಂತವರು ಬಲಗೈಯನ್ನು ಮಗುವಿನ ಹೆಗಲ ಮೇಲಿಡಲಿ, ಮಗು ಗಟ್ಟಿಯಾಗಿ ಆಮೆನ್ ಅನ್ನಲಿ. ಬಿಷಪ್ಪರು ಕೆನ್ನೆಗೆ ಹೊಡೀತಾರೆ ಅಂತ ಹೆದರಿಸುವ ಅಜ್ಜಿಯರು ಇನ್ನೂ ಇದ್ದಾರೆ. ಹಳೆಯ ವಿಧಿಯಲ್ಲಿ ಮೆಲ್ಲಗೆ ತಟ್ಟುವುದು ಇತ್ತು. 1971ರ ಹೊಸ ವಿಧಿ ಅದನ್ನು ಬಿಟ್ಟು ಸಮಾಧಾನದ ಹಾರೈಕೆಯನ್ನಷ್ಟೇ ಉಳಿಸಿತು. ಇದನ್ನು ಮಕ್ಕಳಿಗೆ ಹೇಳಿದರೆ ಅರ್ಧ ಭಯ ಹೋಗುತ್ತದೆ. ಫೋಟೋದವರಿಗೆ ಒಂದು ಜಾಗ ಗುರುತು ಮಾಡಿ ಅಲ್ಲೇ ನಿಲ್ಲಿಸಬೇಕು. ಬಿಷಪ್ಪರ ಬೆರಳು ಹಣೆ ಮುಟ್ಟುವ ಕ್ಷಣದಲ್ಲಿ ಮಗುವಿನ ಕಣ್ಣೆದುರು ಅಪ್ಪನ ಮೊಬೈಲು ಇರಬಾರದು. ಚಿಕ್ಕ ಊರಿನಲ್ಲಿ ನಡೆದ ಇಂಥ ಒಂದು ಸಂಸ್ಕಾರ ಎಲ್ಲಿಗೆ ಮುಟ್ಟುತ್ತದೆಂದು ಯಾರೂ ಮೊದಲೇ ಹೇಳಲಾರರು. 1597ರಲ್ಲಿ ಪೆರು ದೇಶದ ಕೀವೆಸ್ ಎಂಬ ಸಣ್ಣ ಊರಿಗೆ ಭೇಟಿ ಕೊಟ್ಟ ಲೀಮಾದ ಮಹಾಧರ್ಮಾಧ್ಯಕ್ಷ ತುರೀಬಿಯೋ, ಇಸಬೆಲ್ ಎಂಬ ಹುಡುಗಿಗೆ ರೋಸಾ ಎಂಬ ಹೆಸರಿನಲ್ಲಿ ದೃಢೀಕರಣ ಕೊಟ್ಟರು. ಅವಳೇ ಮುಂದೆ ಲೀಮಾದ ಸಂತ ರೋಸ್. ಆ ತುರೀಬಿಯೋ ತಮ್ಮ ಜನರ ಕೆಚುವಾ ಭಾಷೆ ಕಲಿತು, ಪರ್ವತಗಳ ನಡುವಿನ ಊರೂರು ಅಲೆದು, 1606ರಲ್ಲಿ ಅಂಥದೇ ಒಂದು ಭೇಟಿಯ ದಾರಿಯಲ್ಲಿ, ಸಾನ್ಯಾ ಎಂಬಲ್ಲಿ ತೀರಿಕೊಂಡರು. ಅವರೂ ಸಂತರೇ.

ಇನ್ನು ಕೆಲವು ಸಣ್ಣಪುಟ್ಟ ವಿಷಯಗಳು. ಬಲಿಪೀಠದ ಮೇಲಿನ ಮೇಣದಬತ್ತಿಯ ಲೆಕ್ಕ ಗೊತ್ತಿದ್ದರೆ ಒಳ್ಳೆಯದು: ಸ್ವಂತ ಧರ್ಮಪ್ರಾಂತ್ಯದ ಬಿಷಪ್ಪರು ಪೂಜೆ ಅರ್ಪಿಸುವಾಗ ಏಳು. ಹಬ್ಬಕ್ಕೆ ಬೇರೆ ಧರ್ಮಪ್ರಾಂತ್ಯದ ಬಿಷಪ್ಪರನ್ನು ಕರೆಯುವುದಾದರೆ ಮೊದಲು ನಮ್ಮ ಬಿಷಪ್ಪರಿಗೆ ತಿಳಿಸಬೇಕು. ಬಿಷಪ್ಪರ ಅಧಿಕಾರದ ಗುರುತಾದ ದಂಡವನ್ನು ಇಲ್ಲಿ ಹಿಡಿಯಲು ಬಂದವರಿಗೆ ನಮ್ಮ ಬಿಷಪ್ಪರ ಒಪ್ಪಿಗೆ ಬೇಕು. ಸ್ವಾಗತ ಭಾಷಣ ಐದು ನಿಮಿಷ ಮೀರಕೂಡದು. ಬಿಷಪ್ಪರು ಎಲ್ಲೆಲ್ಲಿ ಓದಿದರು, ಯಾವ ಡಾಕ್ಟರೇಟ್ ಪಡೆದರು ಎಂದು ಓದುವುದರ ಬದಲು ನಮ್ಮ ಕುಟುಂಬಗಳೆಷ್ಟು, ಕೆಲಸಕ್ಕೆ ಬೆಂಗಳೂರು ಸೇರಿದವರೆಷ್ಟು, ಜ್ಞಾನೋಪದೇಶಕ್ಕೆ ಬರುವ ಮಕ್ಕಳೆಷ್ಟು ಎಂದು ಹೇಳಿದರೆ ಆ ಐದು ನಿಮಿಷ ಕೆಲಸಕ್ಕೆ ಬರುತ್ತದೆ.

ಪೂಜೆ ಮುಗಿದು ಫೋಟೋ ಆದ ಕೂಡಲೇ ಭೇಟಿ ಮುಗಿಯಿತೆಂದು ನಾವು ತಿಳಿಯುತ್ತೇವೆ. ಇಡೀ ಧರ್ಮಪ್ರಾಂತ್ಯವನ್ನು ಐದು ವರ್ಷದೊಳಗೆ ಒಮ್ಮೆಯಾದರೂ ಸುತ್ತಿ ಬರಬೇಕೆಂದು ಧರ್ಮಸಭಾ ಸಂಹಿತೆಯ 396ನೆಯ ನಿಯಮ ಬಿಷಪ್ಪರಿಗೆ ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಸಿಗುವ ಒಂದು ದಿನದ ಮಧ್ಯಾಹ್ನವನ್ನು ಸನ್ಮಾನದಲ್ಲಿ ಕಳೆದರೆ ಮತ್ತೆ ಐದು ವರ್ಷ ಕಾಯಬೇಕು. ರಿಜಿಸ್ಟರುಗಳನ್ನು ಅವರ ಮುಂದಿಡಬೇಕು. ಜ್ಞಾನಸ್ನಾನ, ಮದುವೆ, ಮರಣ, ಎಲ್ಲ. ಭೇಟಿಯಲ್ಲಿ ಅವನ್ನು ಪರಿಶೀಲಿಸುವುದು ನಿಯಮವೇ. ನಮ್ಮಲ್ಲಿ ಫ್ರೆಂಚ್ ಗುರುಗಳ ಕಾಲದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಪುಟಗಳಿವೆ. ನಡುನಡುವೆ ಆಗಿನ ಬಿಷಪ್ಪರು ನೋಡಿ ಹಾಕಿದ ರುಜು, ತಾರೀಖು ಇವೆ. ನಮ್ಮ ಮುತ್ತಜ್ಜನ ಹೆಸರು ಇರುವ ಪುಟದ ಕೆಳಗೇ ಅಂಥದೊಂದು ರುಜು ಇದೆ. ಎತ್ತಿನ ಗಾಡಿಯ ಕಾಲದಲ್ಲಿ ಒಬ್ಬರು ಇಷ್ಟು ದೂರ ಬಂದು ಈ ಹೆಸರುಗಳನ್ನು ಓದಿದ್ದಾರೆ.

ಹಾಸಿಗೆ ಹಿಡಿದವರ ಮನೆಗೆ ಕರೆದೊಯ್ಯಬೇಕು, ಅವಸರ ಮಾಡದೆ. ಒಂದು ಸಲ ಪಟ್ಟಿಯಲ್ಲಿ ಮನೆಗೆ ಐದು ನಿಮಿಷ ಎಂದು ಬರೆದಿತ್ತು. ಪಾರ್ಶ್ವವಾಯು ಹೊಡೆದು ಮಲಗಿದ್ದ ಒಬ್ಬ ಅಮ್ಮನ ಮನೆಗೆ ಬಿಷಪ್ಪರು ತಲೆ ಬಗ್ಗಿಸಿ ಒಳಗೆ ಹೋದರು. ತಂದಿಟ್ಟ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಮಂಚದ ಅಂಚಿನಲ್ಲೇ ಕೂತರು. ಆ ಅಮ್ಮನ ಮಾತು ಅರ್ಧ ಅರ್ಥವಾಗುವುದಿಲ್ಲ. ಬಿಷಪ್ಪರು ‘ಇನ್ನೊಂದ್ಸಲ ಹೇಳಮ್ಮ’ ಅಂದರು, ಕಿವಿ ಹತ್ತಿರ ತಂದರು. ಮಗ ಪೂಜೆಗೆ ಬರುವುದು ಬಿಟ್ಟಿದ್ದಾನೆ, ಜಮೀನಿನ ಜಗಳದಲ್ಲಿ ಧರ್ಮಕೇಂದ್ರದವರ ಮೇಲೆ ಸಿಟ್ಟು, ಅಂತ ಆಕೆಯ ದೂರು. ಹೊರಗೆ ನಮ್ಮವರು ಗಡಿಯಾರ ನೋಡುತ್ತಿದ್ದರು, ಒಬ್ಬರು ಬಾಗಿಲಿಗೆ ಬಂದು ಕೆಮ್ಮಿದರು. ಬಿಷಪ್ಪರು ಏಳಲಿಲ್ಲ. ಮಗನನ್ನು ಕರೆಸಿ, ಹಿತ್ತಲಲ್ಲಿ ನಿಂತು ಅವನ ಹತ್ತಿರ ಮಾತಾಡಿದರು. ಏನು ಮಾತಾಡಿದರೋ ನಮಗ್ಯಾರಿಗೂ ಕೇಳಲಿಲ್ಲ, ಕೇಳಿಸಿಕೊಳ್ಳುವ ಹಾಗೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಸಮಿತಿಯವರು ಅಂಗಳದಾಚೆ ಹೋಗಿ ನಿಲ್ಲುವುದೇ ಶಿಷ್ಟಾಚಾರ.

ದಾರಿಯ ವಿಷಯವನ್ನು ನಾನು ಒತ್ತಿ ಹೇಳಬೇಕು. ಮೆರವಣಿಗೆಯ ದಾರಿಯನ್ನು ಯಾರು ಗೊತ್ತು ಮಾಡುತ್ತಾರೆ ಅನ್ನುವುದರಲ್ಲಿ ಊರಿನ ಜಾತಿ ಇದೆ. ತಾರು ಹಾಕಿದ ಬೀದಿಯಲ್ಲಿ, ದೊಡ್ಡ ಮನೆಗಳ ಮುಂದೆ ಬಿಷಪ್ಪರ ಕಾರು ಬರುತ್ತದೆ. ಕೇರಿಯವರು ಮುಖ್ಯ ಬೀದಿಗೆ ಬಂದು ನಿಂತು ನೋಡಬೇಕು. ಭಾರತದ ಕ್ಯಾಥೋಲಿಕ್ ಬಿಷಪ್ಪರ ಸಮ್ಮೇಳನವೇ 2016ರಲ್ಲಿ ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು, ಧರ್ಮಸಭೆಯೊಳಗೆ ಉಳಿದಿರುವ ಅಸ್ಪೃಶ್ಯತೆ ಪಾಪವೆಂದು ಒಪ್ಪಿಕೊಂಡಿದೆ. ಹಾಗಿರುವಾಗ ದಾರಿ ಕೇರಿಯಿಂದಲೇ ಶುರುವಾಗಬೇಕು. ಕಾರು ಹೋಗದಿದ್ದರೆ ನಡೆದು ಹೋಗಬೇಕು. ಬಿಷಪ್ಪರು ನಡೆಯಲು ಬೇಡವೆನ್ನುವುದಿಲ್ಲ, ಬೇಡವೆನ್ನುವವರು ನಮ್ಮವರು. ಸಮಾಧಿ ತೋಟದಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡುವುದೂ ಭೇಟಿಯ ವಿಧಿಯಲ್ಲಿದೆ. ಅಲ್ಲಿಯೂ ಕಲ್ಲಿನ ಸಮಾಧಿಗಳ ಸಾಲಿಗೆ ನಿಲ್ಲಿಸದೆ, ಬೇಲಿಯ ಹತ್ತಿರ ಬರಿ ಮಣ್ಣಿನ ದಿಬ್ಬಗಳಿರುವ ಮೂಲೆಯವರೆಗೂ ತೀರ್ಥದ ಬಟ್ಟಲು ಹಿಡಿದು ಕರೆದೊಯ್ಯಬೇಕು.

ಅರ್ಜಿ ಕೊಡುವವರನ್ನು ತಡೆಯಬಾರದು. ಗುರುಗಳ ಮೇಲೆ ದೂರಿದ್ದವರು, ಸಮಿತಿಯ ಮೇಲೆ, ನನ್ನ ಮೇಲೆಯೇ ದೂರಿದ್ದವರು ಸಹ ಬಿಷಪ್ಪರನ್ನು ಒಬ್ಬೊಬ್ಬರಾಗಿ ಕಾಣಲು ಒಂದು ಕೋಣೆ, ಎರಡು ಕುರ್ಚಿ, ಒಂದು ಗಂಟೆ ಇಡಬೇಕು. ಊರಿನ ಮಾನ ಹೋಗುತ್ತದೆಂದು ಬಾಯಿ ಮುಚ್ಚಿಸುವ ಊರಿಗೆ ಬಿಷಪ್ಪರು ಬಂದು ಪ್ರಯೋಜನವಿಲ್ಲ.

ಕಾರು ಹೊರಟ ಮೇಲೆ ಶಾಮಿಯಾನ ಬಿಚ್ಚುವವರು ಬಿಚ್ಚಲಿ. ಕಾರ್ಯದರ್ಶಿಗೆ ಅದೇ ಸಂಜೆ ಮಾಡಬೇಕಾದ ಕೆಲಸವಿದೆ: ಬಿಷಪ್ಪರು ಏನೇನು ಹೇಳಿದರು, ಏನೇನು ಕೇಳಿದರು, ಏನೇನು ಒಪ್ಪಿಕೊಂಡರು ಅನ್ನುವುದನ್ನು ಸಮಿತಿಯ ಪುಸ್ತಕದಲ್ಲಿ ಬರೆದು, ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಎಲ್ಲರ ಮುಂದೆ ಓದುವುದು. ಕಳೆದ ಭೇಟಿಯಲ್ಲಿ ನಾವು ಬರೆದುಕೊಂಡದ್ದರಲ್ಲಿ ಉಪದೇಶಿಯವರ ಸಂಬಳ ಹೆಚ್ಚಾಗಿದೆ, ಜ್ಞಾನೋಪದೇಶದ ಕೋಣೆಗೆ ಸೂರು ಬಂದಿದೆ. ಸಮಾಧಿ ತೋಟಕ್ಕೆ ಕೇರಿಯ ಕಡೆಯಿಂದ ದಾರಿ ಬಿಡಿಸುವುದು ಇನ್ನೂ ಬಾಕಿ. ಅದಕ್ಕೆ ಪಕ್ಕದ ಹೊಲದವರ ಒಪ್ಪಿಗೆ ಬೇಕು, ಅವರೂ ನಮ್ಮ ಧರ್ಮಕೇಂದ್ರದವರೇ. ಬರುವ ತಿಂಗಳ ಸಭೆಗೆ ಅವರನ್ನು ಕರೆದಿದ್ದೇವೆ.